ಸವೆದ ಚೈನಿನ ಲೆಕ್ಕ
ಬೈಸಿಕಲ್ಲಿನ ಚೈನು ‘ಹಿಗ್ಗಿತು’ ಎನ್ನುವುದು ವಾಡಿಕೆ. ವಸ್ತುತಃ ಉಕ್ಕು ಹಿಗ್ಗುವುದಿಲ್ಲ. ಕೊಂಡಿಗಳನ್ನು ಕೂಡಿಸುವ ಪಿನ್ನುಗಳ ಬಳಿ ಲೋಹ ಸವೆದು, ಕೊಂಡಿ ಕೊಂಡಿಗೂ ಕೂದಲೆಳೆಯಷ್ಟು ಸಡಿಲವುಂಟಾಗಿ ಒಟ್ಟು ಉದ್ದ ಬೆಳೆಯುತ್ತದೆ. ಬೆಟ್ಟದ ಹಾದಿಗೆಂದೇ ರಚಿತವಾದ ಗೇರು ಸೈಕಲ್ಲಿನಲ್ಲಿ ಕೆಸರೂ ಮರಳೂ ಎಣ್ಣೆಯೊಡನೆ ಬೆರೆತು ಅರೆಯುವುದರಿಂದ ಈ ಸವೆತ ಇನ್ನೂ ಶೀಘ್ರ.

ಪರೀಕ್ಷೆಗೆ ಅಂಗುಲದ ಟೇಪೊಂದು ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಹೊಸ ಚೈನಿನಲ್ಲಿ ಇಂತಹ 24 ಅಂತರಗಳು ಸೇರಿ ಸರಿಯಾಗಿ 12 ಅಂಗುಲ. ಅಳತೆ ಅಂಗುಲದ 1/16 ಭಾಗದಷ್ಟು ಮೀರಿದೊಡನೆ ಚೈನನ್ನು ಬದಲಾಯಿಸುವುದು ಲೇಸು. 1/8 ಭಾಗ ಮೀರುವವರೆಗೆ ಉಪೇಕ್ಷಿಸಿದರೆ, ಅಷ್ಟರೊಳಗೆ ಅದು ಹಿಂಬದಿಯ ಹಲ್ಲುಚಕ್ರಗಳನ್ನೂ ಬಹುಮಟ್ಟಿಗೆ ತನ್ನಂತೆಯೇ ಸವೆಸಿರುತ್ತದೆ. ಅಂತಹ ಹಲ್ಲುಗಳಿಗೆ ಹೊಸ ಚೈನು ಒಗ್ಗದು. ಏರುದಾರಿಯಲ್ಲಿ ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹೇರಿದ ಕ್ಷಣದಲ್ಲೇ ಹಾರಿ ಸವಾರನನ್ನು ಕೆಡವೀತು. ಆಗ ಎರಡನ್ನೂ ಒಟ್ಟಿಗೆ ಬದಲಾಯಿಸದೆ ಗತ್ಯಂತರವಿಲ್ಲ.

ಹೊಸ ಚೈನನ್ನು ಕತ್ತರಿಸುವಾಗಲೂ ಎಚ್ಚರ ಅಗತ್ಯ. ಹಳೆಯದರ ಪಕ್ಕದಲ್ಲಿಟ್ಟು ಉದ್ದ ಅಳೆಯದೆ, ಕೊಂಡಿಗಳನ್ನೇ ಎಣಿಸಬೇಕು. ಸವೆದ ಚೈನಿನ ಉದ್ದ ನಂಬಿಕೆಗೆ ಯೋಗ್ಯವಲ್ಲ. ಮಕ್ಕಳ ಸೈಕಲ್ಲಿಗೆ ವರ್ಷಕ್ಕೆರಡು ಬಾರಿ ಟೇಪು ಹಿಡಿಯುವ ಗೃಹಸ್ಥನಿಗೆ ಹಲ್ಲುಚಕ್ರದ ಖರ್ಚೂ ಉಳಿದೀತು, ಮಗುವಿನ ಮೊಣಕಾಲೂ ಉಳಿದೀತು.