ನಿಮಗಿದು ಗೊತ್ತೆ? ಹಳೆಯ ವ್ಯಾಜ್ಯಗಳಿಗೆ ಹೊಸ ಓದುಗರು

ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಸೇರಿದ ಕಾನೂನು ಗ್ರಂಥಾಲಯವು ಜಗತ್ತಿನಲ್ಲೇ ಅತಿ ದೊಡ್ಡದು. 1814ರಲ್ಲಿ ಬ್ರಿಟಿಷ್ ಸೈನಿಕರು ಸಂಸತ್ ಭವನಕ್ಕೆ ಬೆಂಕಿಯಿಟ್ಟು ಅಲ್ಲಿದ್ದ ಪುಸ್ತಕಗಳು ನಾಶವಾದಾಗ, ಮರುವರ್ಷ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಸ್ವಂತ ಸಂಗ್ರಹವನ್ನು ಕಾಂಗ್ರೆಸ್ ಕೊಂಡುಕೊಂಡಿತು. 1832ರಲ್ಲಿ ಕಾನೂನಿಗೆಂದೇ ಪ್ರತ್ಯೇಕ ವಿಭಾಗ ಆರಂಭವಾದಾಗ ಅದಕ್ಕೆ ದೊರೆತ 2,011 ಪುಸ್ತಕಗಳಲ್ಲಿ 639 ಆ ಸಂಗ್ರಹದವೇ ಆಗಿದ್ದವು.

ಇದಕ್ಕಿಂತಲೂ ಕುತೂಹಲಕರವಾದುದು ಈ ಗ್ರಂಥಾಲಯದಲ್ಲಿರುವ, 15ರಿಂದ 19ನೆಯ ಶತಮಾನದವರೆಗಿನ ಸ್ಪೇನಿನ ಕಾನೂನು ದಾಖಲೆಗಳ ಸಂಗ್ರಹ. ಅರಸೊತ್ತಿಗೆ, ಕ್ಯಾಥೊಲಿಕ್ ಚರ್ಚು ಮತ್ತು ಸಾಮಾನ್ಯ ಪ್ರಜೆಗಳ ನಡುವೆ ಪಿತ್ರಾರ್ಜಿತ ಆಸ್ತಿ, ಸಾಲ, ತೆರಿಗೆಗಳ ಬಗ್ಗೆ ನಡೆದ ವ್ಯಾಜ್ಯಗಳು ಅದರಲ್ಲಿವೆ. ಶಾಸನಗ್ರಂಥಗಳು ಕಾನೂನು ಏನು ಹೇಳಿತೆಂಬುದನ್ನಷ್ಟೇ ತಿಳಿಸಿದರೆ, ಜನ ಅದರೊಡನೆ ಹೇಗೆ ಬದುಕಿದರೆಂಬುದನ್ನು ತೋರುವ ಇಂಥ ಕಡತಗಳೇ ಇತಿಹಾಸಕಾರರಿಗೆ ಹೆಚ್ಚು ಬೆಲೆಯುಳ್ಳವು. ಆದರೆ ಹಳೆಯ ಮೋಡಿ ಅಕ್ಷರವನ್ನು ಗಣಕಯಂತ್ರ ಸುಲಭವಾಗಿ ಓದಲಾರದು. ಆದ್ದರಿಂದ ಗ್ರಂಥಾಲಯವು 2020ರಲ್ಲಿ ‘ಹೆರೆನ್ಸಿಯಾ’ ಎಂಬ ಲಿಪ್ಯಂತರ ಯೋಜನೆಯನ್ನು, ಎಂದರೆ ಕೈಬರಹವನ್ನು ಓದಿ ಅಚ್ಚಿನ ಅಕ್ಷರಕ್ಕೆ ಇಳಿಸುವ ಕೆಲಸವನ್ನು, ಸಾರ್ವಜನಿಕರಿಗೆ ತೆರೆಯಿತು. ಸ್ಪ್ಯಾನಿಷ್, ಲ್ಯಾಟಿನ್, ಕ್ಯಾಟಲನ್ ಬಲ್ಲ ಸ್ವಯಂಸೇವಕರು ಮನೆಯಲ್ಲೇ ಕುಳಿತು ಒಂದೊಂದೇ ಪುಟವನ್ನು ಬೆರಳಚ್ಚಿಸುತ್ತಾರೆ. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಮೂಲದೊಡನೆ ಹೋಲಿಸಿ ಒಪ್ಪಿದ ಮೇಲೆಯೇ ಆ ಪುಟ ಪೂರ್ಣಗೊಂಡಂತೆ.