ಜಿಲಿಬ್‌ಸಿ ನಿರ್ಮಾಣದಲ್ಲಿ ಸಂಸ್ಕಾರಕ ಹೊಂದಾಣಿಕೆ

ಜಿಲಿಬ್‌ಸಿ ಎಂಬುದು ಗ್ನೂ/ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೂಲ ಸಿ ಲೈಬ್ರರಿ. ಕಡತ ತೆರೆಯುವುದು, ಮೆಮೊರಿ ಪಡೆಯುವುದು ಮುಂತಾದ ಕೆಲಸಗಳಿಗೆ ಬಹುತೇಕ ತಂತ್ರಾಂಶಗಳು ಇದನ್ನೇ ಅವಲಂಬಿಸಿವೆ. ಇದನ್ನು ಕಂಪೈಲ್ ಮಾಡುವಾಗ ಗುರಿಯಾದ ಸಂಸ್ಕಾರಕವನ್ನು ಸರಿಯಾಗಿ ಸೂಚಿಸದಿದ್ದರೆ ನಿರ್ಮಾಣವು ನಡುವೆಯೇ ನಿಲ್ಲಬಹುದು. ಕೆಲವೊಮ್ಮೆ ನಿರ್ಮಾಣ ಮುಗಿದರೂ ಗಣಕವೇ ಆರಂಭವಾಗದಿರಬಹುದು.

ಕಾರಣ

ಇಂಟೆಲ್ 1985ರಲ್ಲಿ ಹೊರತಂದ 80386 ಸಂಸ್ಕಾರಕದಲ್ಲಿ ‘ಹೋಲಿಸಿ ಬದಲಿಸುವ’ ಆದೇಶ ಇರಲಿಲ್ಲ. ಅದು 1989ರ 80486ರೊಂದಿಗೆ ಬಂದಿತು. ಮೆಮೊರಿಯಲ್ಲಿರುವ ಬೆಲೆ ನಿರೀಕ್ಷಿಸಿದಂತೆಯೇ ಇದ್ದರೆ ಮಾತ್ರ ಹೊಸ ಬೆಲೆಯನ್ನು ಒಂದೇ ಅವಿಭಾಜ್ಯ ಹಂತದಲ್ಲಿ ಬರೆಯುವುದು ಇದರ ಕೆಲಸ. ಹಲವು ಥ್ರೆಡ್‌ಗಳು ಒಂದೇ ದತ್ತಾಂಶವನ್ನು ಏಕಕಾಲಕ್ಕೆ ತಿದ್ದದಂತೆ ತಡೆಯಲು ಜಿಲಿಬ್‌ಸಿ ಇದನ್ನು ಬಳಸುವುದರಿಂದ 80386ಕ್ಕೆ ನೀಡುತ್ತಿದ್ದ ಬೆಂಬಲವನ್ನು ಅದು ಕೈಬಿಟ್ಟಿತು. 2013ರಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್ 3.8 ಕೂಡ ಹಾಗೆಯೇ ಮಾಡಿತು.

ವಿಚಿತ್ರವೆಂದರೆ, ಹೊಸ ಗಣಕ ಹೊಂದಿದವರಿಗೂ ಈ ತೊಂದರೆ ಎದುರಾಗುತ್ತಿತ್ತು. ಎದುರಿಗಿರುವ ಯಂತ್ರ ಯಾವುದೇ ಇರಲಿ, ಜಿಸಿಸಿ ಕಂಪೈಲರ್ ತನಗೆ ನಿಗದಿಯಾದ ಗುರಿಯನ್ನಷ್ಟೇ ಪಾಲಿಸುತ್ತದೆ. ಗುರಿ 80386 ಆಗಿದ್ದರೆ ಆ ಆದೇಶದ ಬದಲಿಗೆ ಒಂದು ಸಹಾಯಕ ಫಂಕ್ಷನ್ ಅನ್ನು ಕರೆಯುತ್ತದೆ. ಅಂತಹ ಫಂಕ್ಷನ್ ಎಲ್ಲಿಯೂ ದೊರೆಯದೆ ಲಿಂಕರ್ ದೋಷ ತೋರಿಸುತ್ತದೆ. ದೋಷದ ಸಾಲಿನಲ್ಲಿ ಸಂಸ್ಕಾರಕದ ಹೆಸರೇ ಇಲ್ಲದಿರುವುದರಿಂದ ಕಾರಣವನ್ನು ಊಹಿಸುವುದು ಕಷ್ಟ.

ಪರಿಹಾರ

ಕಂಪೈಲರ್‌ನ ‘ಮಾರ್ಚ್’ ಆಯ್ಕೆಗೆ ‘ಐ486’ ಅಥವಾ ಅದಕ್ಕಿಂತ ಹೊಸ ಸಂಸ್ಕಾರಕದ ಹೆಸರನ್ನು ನೀಡಬೇಕು. (ಇದು ತಿಂಗಳಿನ ಹೆಸರಲ್ಲ, ಯಂತ್ರದ ವಿನ್ಯಾಸವನ್ನು ಸೂಚಿಸುವ ಸಂಕ್ಷಿಪ್ತ ಪದ.) ಆದರೆ ‘ಸಿಫ್ಲ್ಯಾಗ್ಸ್’ ಚರಾಂಶದಲ್ಲಿ ಇದನ್ನೊಂದೇ ಬರೆದರೆ ಅಲ್ಲಿದ್ದ ‘ಓ2’ ಆಯ್ಕೆ ಅಳಿಸಿಹೋಗುತ್ತದೆ. ಆಪ್ಟಿಮೈಸೇಶನ್ ಇಲ್ಲದೆ ಜಿಲಿಬ್‌ಸಿ ಕಂಪೈಲ್ ಆಗುವುದೇ ಇಲ್ಲ. ಆದ್ದರಿಂದ ನಿರ್ಮಾಣ ಕಡತಕೋಶದಲ್ಲಿ ‘ಕಾನ್ಫಿಗ್‌ಪಾರ್ಮ್ಸ್’ ಎಂಬ ಕಡತವನ್ನು ರಚಿಸಿ, ಹಳೆಯ ಆಯ್ಕೆಗಳ ಕೊನೆಗೆ ಇದನ್ನು ಸೇರಿಸುವುದು ಸುರಕ್ಷಿತ. ‘ಐ486’ ಎಂದು ಬರೆದಾಗ ವೇಗದ ಹೊಂದಾಣಿಕೆಯೂ ಆ ಹಳೆಯ ಸಂಸ್ಕಾರಕಕ್ಕೇ ಸೀಮಿತವಾಗುತ್ತದೆ; ‘ಎಂಟ್ಯೂನ್’ ಆಯ್ಕೆಗೆ ‘ನೇಟಿವ್’ ಎಂದು ನೀಡಿದರೆ ಇದು ಸರಿಹೋಗುತ್ತದೆ.

‘ಮಾರ್ಚ್’ ಆಯ್ಕೆಗೇ ‘ನೇಟಿವ್’ ಎಂದು ನೀಡುವುದು ಬೇರೆ ಮಾತು. ಆಗ ಲೈಬ್ರರಿಯು ನಿರ್ಮಿಸಿದ ಗಣಕದ ಹೊಸ ಆದೇಶಗಳನ್ನೆಲ್ಲ ಬಳಸಿಕೊಳ್ಳಬಹುದು. ಅದನ್ನು ಹಳೆಯ ಗಣಕದಲ್ಲಿ ಸ್ಥಾಪಿಸಿದರೆ ‘ಅಮಾನ್ಯ ಆದೇಶ’ ಎಂಬ ದೋಷದೊಂದಿಗೆ ಕಾರ್ಯಕ್ರಮಗಳು ನಿಲ್ಲುತ್ತವೆ. ಕಡತಗಳನ್ನು ನಕಲಿಸುವ ಸಾಮಾನ್ಯ ಆಜ್ಞೆಯೂ ಇದೇ ಲೈಬ್ರರಿಯನ್ನು ಅವಲಂಬಿಸಿರುವುದರಿಂದ, ಹಳೆಯ ಪ್ರತಿಯನ್ನು ಮರಳಿ ಇಡಲು ಬೇರೊಂದು ಡಿಸ್ಕ್ ಅಥವಾ ಯುಎಸ್‌ಬಿಯಿಂದ ಗಣಕವನ್ನು ಆರಂಭಿಸಬೇಕಾಗುತ್ತದೆ.