ಗರ್ಭಕೋಶದ ಕಸಿ

‘ಕಸಿ’ ಎಂಬ ಮಾತು ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಹೊಳೆದಂಡೆಯ ಒಳ್ಳೆಯ ಅಪ್ಪೆಮಿಡಿ ಮರದ ಕಡ್ಡಿ ತಂದು ಕಾಡುಮಾವಿನ ಸಸಿಗೆ ಕಟ್ಟುವುದನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಹೆಣ್ಣಿನ ಗರ್ಭಕೋಶವನ್ನೂ ಕಸಿ ಮಾಡಬಹುದೆಂಬ ಸುದ್ದಿಯನ್ನು ನಾನು ಮೊದಲು ಕೇಳಿದ್ದು ನಮ್ಮ ದೊಡ್ಡಮ್ಮನ ಬಾಯಿಂದ.

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ಕಾಯಿಲೆಯಿಂದ ಕಾನೂನಿನವರೆಗೆ ಎಲ್ಲ ಪ್ರಶ್ನೆಗಳೂ ನನ್ನ ಬಳಿಗೇ ಬರುತ್ತವೆ. ದೀಪಾವಳಿಗೆ ತೀರ್ಥಹಳ್ಳಿಯ ಕಡೆಯಿಂದ ಬಂದಿದ್ದ ದೊಡ್ಡಮ್ಮ ಅಡಿಕೆ ಸುಲಿಯುತ್ತ, “ಮಗಾ, ತಾಯಿ ಗರ್ಭಕೋಶ ತೆಗೆದು ಮಗಳಿಗೆ ಇಡ್ತಾರಂತೆ, ನಿಜವೇನೇ?” ಎಂದು ಕೇಳಿದರು. ಅವರಿಗೆ ಮಕ್ಕಳಿಲ್ಲ. ನಾನು ವೈದ್ಯಶಾಸ್ತ್ರ ಓದಿದವಳಲ್ಲ. ಅವರಿಗೆ ಉತ್ತರ ಹೇಳಲು ಹುಡುಕಿ ಓದಿದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಸುದ್ದಿ ನಿಜ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳು ಗರ್ಭಕೋಶವಿಲ್ಲದೆಯೇ ಹುಟ್ಟುತ್ತಾಳೆ. ಅಂಥವಳ ಅಂಡಾಶಯಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮೈ ನೆರೆಯುವ ವಯಸ್ಸು ಕಳೆದರೂ ಮುಟ್ಟಾಗದಿದ್ದಾಗಲೇ ಸಂಗತಿ ತಿಳಿಯುವುದು. ಕ್ಯಾನ್ಸರ್, ಹೆರಿಗೆಯ ರಕ್ತಸ್ರಾವ ಮುಂತಾದ ಕಾರಣಗಳಿಂದ ಗರ್ಭಕೋಶವನ್ನು ತೆಗೆಸಿಕೊಂಡವರೂ ಇದ್ದಾರೆ. ಕಸಿಯು ಇಂಥವರಿಗಾಗಿ.

ಇದರ ಕ್ರಮ ಹೀಗಿದೆ. ಮೊದಲು ಹೆಂಡತಿಯ ಅಂಡವನ್ನೂ ಗಂಡನ ವೀರ್ಯವನ್ನೂ ಪ್ರಯೋಗಶಾಲೆಯಲ್ಲಿ ಕೂಡಿಸಿ, ಆದ ಭ್ರೂಣವನ್ನು ಶೀತದಲ್ಲಿ ಕಾಪಾಡುತ್ತಾರೆ. ಬಳಿಕ ದಾನಿಯ ಗರ್ಭಕೋಶವನ್ನು ರಕ್ತನಾಳಗಳ ಸಮೇತ ಬಿಡಿಸಿ ತಂದು ಈಕೆಯ ರಕ್ತನಾಳಗಳಿಗೆ ಹೊಲಿಯುತ್ತಾರೆ. ಅದು ಹಿಡಿದುಕೊಂಡು ಕೆಲವು ತಿಂಗಳು ಕಳೆದ ಮೇಲೆ ಭ್ರೂಣವನ್ನು ಅದರೊಳಗೆ ಇಡುತ್ತಾರೆ. ಹೆರಿಗೆ ಶಸ್ತ್ರಕ್ರಿಯೆಯಿಂದಲೇ. ಮಾವಿನ ಕಸಿಯಲ್ಲಿ ಕಾಯಿಯ ಗುಣ ಕಟ್ಟಿದ ಕಡ್ಡಿಯದು, ಬುಡದ ಸಸಿಯದಲ್ಲ. ಇಲ್ಲಿಯೂ ಕೂಸು ಅಂಡ, ವೀರ್ಯ ಕೊಟ್ಟ ದಂಪತಿಗಳದೇ. ದಾನಿಯ ಗರ್ಭಕೋಶ ಬುಡದ ಸಸಿಯಂತೆ ಪೋಷಿಸುತ್ತದೆ, ಅಷ್ಟೆ.

2000ದಲ್ಲಿ ಸೌದಿ ಅರೇಬಿಯದಲ್ಲಿ ಇಟ್ಟ ಗರ್ಭಕೋಶವನ್ನು ರಕ್ತ ಹೆಪ್ಪುಗಟ್ಟಿದ್ದರಿಂದ 99 ದಿನಗಳಲ್ಲಿ ತೆಗೆಯಬೇಕಾಯಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಾಟ್ಸ್ ಬ್ರಾನ್‌ಸ್ಟ್ರಾಮ್ ಎಂಬ ವೈದ್ಯರ ತಂಡ ಗೆದ್ದಿತು. 2014ರ ಸೆಪ್ಟೆಂಬರಿನಲ್ಲಿ ಕಸಿಯ ಗರ್ಭಕೋಶದಿಂದ ಜಗತ್ತಿನ ಮೊದಲ ಮಗು ಹುಟ್ಟಿತು. ಅದನ್ನು ದಾನ ಮಾಡಿದಾಕೆ 61 ವರ್ಷದ ಗೆಳತಿ! 2017ರಲ್ಲಿ ಬ್ರೆಜಿಲ್ಲಿನಲ್ಲಿ ಮೃತ ದಾನಿಯ ಗರ್ಭಕೋಶದಿಂದಲೂ ಮಗುವಾಯಿತು.

ನಮ್ಮ ದೇಶದ ಮೊದಲ ಕಸಿ ನಡೆದದ್ದು 2017ರ ಮೇ 18ರಂದು, ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ, ಡಾ॥ ಶೈಲೇಶ್ ಪುಣತಾಂಬೇಕರ್ ಅವರ ತಂಡದಿಂದ. ಪಡೆದವಳು ನಮ್ಮ ನಾಡಿನ ಗಡಿಗೆ ಅಂಟಿಕೊಂಡಿರುವ ಸೊಲ್ಲಾಪುರದ 21 ವರ್ಷದ ತರುಣಿ. ಕೊಟ್ಟವಳು ಹೆತ್ತ ತಾಯಿ. ಮರುದಿನವೇ ಅಲ್ಲಿ ತಾಯಿಯ ಗರ್ಭಕೋಶ ಪಡೆದ ಗುಜರಾತಿನ ಹೆಣ್ಣುಮಗಳು 2018ರ ಅಕ್ಟೋಬರ್ 18ರಂದು 1,450 ಗ್ರಾಂ ತೂಕದ ಹೆಣ್ಣುಮಗುವಿಗೆ ಜನ್ಮವಿತ್ತಳು. ತಾನು ಬೆಳೆದ ಗರ್ಭದಲ್ಲೇ ತನ್ನ ಮಗುವನ್ನೂ ಬೆಳೆಸಿದಳೆಂದರೆ ಯಾರಿಗೆ ಸೋಜಿಗವೆನಿಸದು?

ಆದರೂ ಇದು ಸುಲಭದ ದಾರಿಯಲ್ಲ. ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ಔಷಧ ಸೇವಿಸುತ್ತಲೇ ಇರಬೇಕು. ಅದರಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಆದಕಾರಣ ಒಂದೆರಡು ಹೆರಿಗೆಯಾದ ಮೇಲೆ ಆ ಗರ್ಭಕೋಶವನ್ನು ತೆಗೆದುಬಿಡುತ್ತಾರೆ. ಸ್ವೀಡನ್ನಿನ ಮೊದಮೊದಲ ಕಸಿಗಳಲ್ಲಿ ದಾನಿಯ ಶಸ್ತ್ರಕ್ರಿಯೆಯೊಂದೇ 10 ಗಂಟೆಗೂ ಮಿಕ್ಕಿ ನಡೆದಿತ್ತು. ತಾಯಿಯೋ ಅಕ್ಕನೋ ಕೊಡುತ್ತಾಳೆಂದ ಮಾತ್ರಕ್ಕೆ ಅವಳ ನೋವು ಕಡಿಮೆಯಾಗದು. ಅವಳು ಮನಸಾರೆ ಒಪ್ಪಿದಳೇ, ಮನೆಯವರು ಒಪ್ಪಿಸಿದರೇ ಎಂಬುದನ್ನೂ ವಿಚಾರಿಸಬೇಕು.

ಇಷ್ಟನ್ನೂ ಹೇಳಿದ ಮೇಲೆ ದೊಡ್ಡಮ್ಮ, “ಹಾಗಾದ್ರೆ ನಂಗೂ ಅದೇ ಆಗಿತ್ತೇನೋ?” ಎಂದರು. ಅವರು ಎಳ್ಳಮಾವಾಸ್ಯೆಗೆ ತುಂಗೆಯಲ್ಲಿ ಮಿಂದವರು, ಹರಕೆ ಹೊತ್ತವರು, ನಾಗನಿಗೆ ತನಿ ಎರೆದವರು. ಸೀಮಂತದ ಮನೆಯಲ್ಲಿ ಆರತಿ ಎತ್ತಲು ಯಾರೂ ಅವರನ್ನು ಕರೆಯಲಿಲ್ಲ. “ತಿಂಗಳ ಮುಟ್ಟು ಸರಿಯಾಗಿ ಬರುತ್ತಿತ್ತೇ ದೊಡ್ಡಮ್ಮ?” ಎಂದೆ. “ಒಂದು ದಿನ ತಪ್ಪಿದ್ದಿಲ್ಲ” ಎಂದರು. ಹಾಗಿದ್ದರೆ ಗರ್ಭಕೋಶ ಇದ್ದೇ ಇತ್ತು. “ದೊಡ್ಡಪ್ಪ ಯಾವಾಗಲಾದರೂ ಡಾಕ್ಟರಿಗೆ ತೋರಿಸಿಕೊಂಡಿದ್ದರೇ?” ದೊಡ್ಡಮ್ಮ ಮೆಟ್ಟುಗತ್ತಿಯಿಂದ ಕೈ ತೆಗೆದು ನನ್ನನ್ನೇ ನೋಡಿದರು. “ಗಂಡಸ್ರಿಗೂ ತೋರಿಸೋದುಂಟಾ?”

ಉಂಟು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಸೇರಿರುತ್ತದೆಂದು ವೈದ್ಯರು ಹೇಳುತ್ತಾರೆ. ವೀರ್ಯಪರೀಕ್ಷೆಯಾದರೋ ಎಲ್ಲಕ್ಕಿಂತ ಸುಲಭವಾದದ್ದು, ಖರ್ಚೂ ಕಡಿಮೆ. ಗರ್ಭಕೋಶವನ್ನೇ ಕಸಿ ಮಾಡುವಷ್ಟು ಶಾಸ್ತ್ರ ಬೆಳೆದಿರುವ ಈ ಕಾಲದಲ್ಲಿಯೂ ಆ ಸಣ್ಣ ಪರೀಕ್ಷೆಗೆ ನಮ್ಮ ಹಳ್ಳಿಯ ಗಂಡಸರು ನಾಚುವುದೂ, ‘ಬಂಜೆ’ ಎಂಬ ಮಾತನ್ನು ಹೆಂಗಸೊಬ್ಬಳೇ ಹೊರುವುದೂ ನ್ಯಾಯವೇ? ಪುಣೆಯ ಶಸ್ತ್ರಕ್ರಿಯೆ ನಮ್ಮಲ್ಲಿ ಕೆಲವರಿಗೆ ಮಾತ್ರ ಬೇಕಾದೀತು. ಆ ಮಾತನ್ನು ಬಿಡುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ.

ಬರುವ ಚೈತ್ರದಲ್ಲಿ ನಮ್ಮ ಅತ್ತಿಗೆಯ ಸೀಮಂತವಿದೆ. ಮೊದಲ ಆರತಿಯನ್ನು ದೊಡ್ಡಮ್ಮನೇ ಎತ್ತಬೇಕೆಂದು ಮನೆಯಲ್ಲಿ ಹೇಳಿದ್ದೇನೆ. ಅಪ್ಪ ಇನ್ನೂ ಹೂಂ ಎಂದಿಲ್ಲ. ಅತ್ತಿಗೆ ಮಾತ್ರ ಎಂದಾಗಿದೆ.